90 ದಿನದ ಲೆಕ್ಕ ಬರೆದುಕೊಡುವವರು ಯಾರು, ಸಚಿವರೇ?

ಮಹಾರಾಷ್ಟ್ರದ ಮಾನ್ಯ ಕಾರ್ಮಿಕ ಸಚಿವರಿಗೆ ಪುಣೆಯಿಂದ ನಮಸ್ಕಾರಗಳು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬೇಕಾದರೆ, ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದಿದ್ದಕ್ಕೆ ದಾಖಲೆ ಕೊಡಬೇಕು. 1996ರ ಕಾನೂನು ಬಂದಾಗಿನಿಂದ ಇದೇ ನಿಯಮ. ಒಬ್ಬನೇ ಬಿಲ್ಡರ್ ಹತ್ತಿರ ತಿಂಗಳುಗಟ್ಟಲೆ ದುಡಿಯುವವರು ಹೇಗೋ ಕೊಡುತ್ತಾರೆ. ದಿನಗೂಲಿ ಕೆಲಸ ಹುಡುಕಿ ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆ ಚೌಕದಲ್ಲಿ, ನಿಲ್ಲುವವರು ಏನು ಮಾಡಬೇಕು?

ಒಂದು ದಿನ ಬೆಳಿಗ್ಗೆ ಪುಣೆಯ ವಾರ್ಜೆಯಲ್ಲಿರುವ ಅಂಥ ನಾಕಾಕ್ಕೆ, ಮಜೂರ್ ಅಡ್ಡಾಕ್ಕೆ ಬನ್ನಿ. ಕಲಬುರಗಿ, ಯಾದಗಿರಿ, ವಿಜಯಪುರದ ಮಾತು ಕಿವಿಗೆ ಬೀಳುತ್ತದೆ. ಟೆಂಪೊ ನಿಲ್ಲುತ್ತದೆ. ಮೇಸ್ತ್ರಿ ಕೆಳಗೂ ಇಳಿಯದೆ "ಎರಡು ಗೌಂಡಿ, ಮೂರು ಬಿಗಾರಿ" ಅಂತಾನೆ; ಗೋಡೆ ಕಟ್ಟುವವರು ಇಬ್ಬರು, ಕೈಯಾಳು ಮೂವರು ಬೇಕು ಅಂತ. ಹತ್ತಾರು ಜನ ಓಡುತ್ತಾರೆ. ಹೆಂಗಸರು ಅದೇ ಸ್ಲ್ಯಾಬಿಗೆ ಅದೇ ಬುಟ್ಟಿ ಹೊತ್ತರೂ ಅವರಿಗೆ ಪಗಾರ ಕಡಿಮೆ. ಸಮಾನ ವೇತನದ ಕಾನೂನು ಬಂದದ್ದು 1976ರಲ್ಲಿ! ಬಿಸಿಲೇರಿದ ಮೇಲೆ ಉಳಿದವರು ಬುತ್ತಿ ಹಿಡಿದು ವಾಪಸ್ ಹೋಗುತ್ತಾರೆ.

ಇವತ್ತು ಒಬ್ಬ ಮಾಲೀಕ, ನಾಳೆ ಇನ್ನೊಬ್ಬ. ಎಷ್ಟೋ ಸಲ ಮೇಸ್ತ್ರಿಯ ಪೂರ್ತಿ ಹೆಸರೂ ಗೊತ್ತಿರಲ್ಲ. ಅವನ ಹತ್ತಿರ ಸರ್ಟಿಫಿಕೇಟ್ ಕೇಳೋದು ಹೇಗೆ? ಕಚೇರಿಗೆ ಅಲೆದರೆ ಆ ದಿನದ ಕೂಲಿ ಹೋಯಿತು. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ (ಉಪಕರ) ವಸೂಲಾಗುವುದು ಇವರ ಹೆಸರಿನಲ್ಲೇ ಅಲ್ವಾ?

ದಾರಿ ನಿಮ್ಮ ರಾಜ್ಯದಲ್ಲೇ ಇದೆ. 1969ರ ಮಾಥಾಡಿ ಕಾನೂನು, ಅಂದರೆ ತಲೆಹೊರೆ ಹೊರುವ ಕೂಲಿಕಾರರ ಕಾನೂನು. ಹಮಾಲರಿಗೂ ಆಗ ಕಾಯಂ ಮಾಲೀಕ ಅಂತ ಇರಲಿಲ್ಲ. ಕಾರ್ಮಿಕ ನಾಯಕ ಅಣ್ಣಾಸಾಹೇಬ ಪಾಟೀಲರು ಅವರನ್ನು ಒಗ್ಗೂಡಿಸಿ ಹೋರಾಡಿದರು. ಸರ್ಕಾರ, ಮಾಲೀಕರು, ಕೂಲಿಕಾರರು ಮೂವರೂ ಇರುವ ಮಂಡಳಿಗಳು ಹುಟ್ಟಿದವು. ಮಾಲೀಕ ಕೂಲಿಯ ಜೊತೆಗೆ ಲೆವಿಯನ್ನೂ (ಕೂಲಿಯ ಮೇಲಿನ ಹೆಚ್ಚುವರಿ ವಂತಿಗೆಯನ್ನೂ) ಮಂಡಳಿಗೆ ಕಟ್ಟಬೇಕು. ಪಿಎಫ್, ಗ್ರಾಚ್ಯುಟಿ ಎಲ್ಲ ಅದರಿಂದಲೇ. ಲೆಕ್ಕ ಇಡುವ ಹೊಣೆಯನ್ನು ಮೂಟೆ ಹೊರುವವನ ತಲೆಗೆ ಕಟ್ಟಲಿಲ್ಲ. ಕಾರ್ಮಿಕರಿಗಾಗಿ ಈ ರಾಜ್ಯ ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು ಅಂತ ನಾನು ನಂಬಿದ್ದೇನೆ.

ನಾಕಾದವರಿಗೂ ಅದನ್ನೇ ಮಾಡಿ. ದೊಡ್ಡ ನಾಕಾಗಳಲ್ಲಿ ಬೆಳಗಿನ ಹೊತ್ತು ಮಂಡಳಿಯ ಕೌಂಟರ್ ಇರಲಿ. ಜನರನ್ನು ಕರೆದೊಯ್ಯುವ ಮೇಸ್ತ್ರಿ ಅಲ್ಲೇ ಅವರ ಹೆಸರು, ಪಗಾರ ಬರೆಸಿ ಹೋಗಲಿ. ಆ ಹಾಜರಿಯೇ 90 ದಿನದ ದಾಖಲೆಯಾಗಲಿ. ಹೆಂಗಸರಿಗೆ ಎಷ್ಟು ಕಡಿಮೆ ಕೊಡುತ್ತಾರೆ ಅನ್ನುವುದೂ ಆಗ ಕಾಗದದ ಮೇಲೆ ಬರುತ್ತದೆ. ಬಿತ್ತನೆಗೆ ಊರಿಗೆ ಹೋಗಿ ಬಂದವರ ನೋಂದಣಿ ಕಾರ್ಡ್ ರದ್ದಾಗದಿರಲಿ. ಕನ್ನಡ ಬಲ್ಲ ಒಬ್ಬರು ಕೌಂಟರಿನಲ್ಲಿದ್ದರೆ ನಮ್ಮವರು ಏಜೆಂಟರಿಗೆ ಸುಮ್ನೆ ದುಡ್ಡು ಕೊಡುವುದೂ ತಪ್ಪುತ್ತದೆ.

ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಮೊದಲ ಕೌಂಟರ್ ವಾರ್ಜೆಯಲ್ಲೇ ತೆರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಪುಣೆಯ ಒಬ್ಬ ಕನ್ನಡಿಗ