ಗುಬ್ಬಿಯಲ್ಲಿ ಒಂದು ಪಾರ್ಕು ಕೊಡಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನೇರವಾಗಿ ಕೇಳಿಬಿಡುತ್ತೇನೆ. ಊರೂರಿಗೆ ಕ್ಯಾಂಪು ಹಾಕಿ ನಾಟಕ ಆಡುತ್ತಿದ್ದ ಕಂಪನಿ ನಾಟಕದವರಿಗಾಗಿ ಗುಬ್ಬಿಯಲ್ಲಿ ಒಂದು ಪಾರ್ಕು ಮಾಡಿಸಿ. ಗುಬ್ಬಿ ನಾಟಕ ಕಂಪನಿಯನ್ನು ಬೆಳೆಸಿದ ವೀರಣ್ಣನವರ ಹೆಸರಲ್ಲಿ ಸರ್ಕಾರದ ಪ್ರಶಸ್ತಿ ಇದೆ, ತುಮಕೂರಿನಲ್ಲಿ ಕಲಾಕ್ಷೇತ್ರ ಇದೆ, ಸಂತೋಷ. ನಾನು ಕೇಳುತ್ತಿರುವುದು ಅವರೊಬ್ಬರ ಪ್ರತಿಮೆ ಅಲ್ಲ. ಅವರ ಜೊತೆ ಬಣ್ಣ ಹಚ್ಚಿದವರು, ಪರದೆ ಎಳೆದವರು, ಹಾರ್ಮೋನಿಯಂ ನುಡಿಸಿದವರು, ಕ್ಯಾಂಪಿನಲ್ಲಿ ಅಷ್ಟೂ ಜನಕ್ಕೆ ಅಡುಗೆ ಮಾಡಿ ಹಾಕಿದವರು, ಎಲ್ಲರ ಹೆಸರೂ ಇರುವಂಥ ಜಾಗ.

ಹೋದ ವರ್ಷ ಒಂದು ಊರಿನ ಪಾರ್ಕಿನಲ್ಲಿ ಹಳೇ ನಟರೊಬ್ಬರ ಎದೆಮಟ್ಟದ ಪ್ರತಿಮೆ ನೋಡಿದೆ. ಸುತ್ತ ಕಬ್ಬಿಣದ ಬೇಲಿ, ಬೇಲಿಗೆ ಬೀಗ. ಕೊರಳಲ್ಲಿ ಹೂವೆಲ್ಲ ಉದುರಿ ಹೋಗಿ ಬರೀ ನಾರು ಉಳಿದಿತ್ತು. ಕಲ್ಲಿನ ಮೇಲೆ ಉದ್ಘಾಟನೆ ಮಾಡಿದವರ ಹೆಸರು ದೊಡ್ಡದಾಗಿತ್ತು, ಆ ನಟ ಯಾವ ಪಾತ್ರ ಮಾಡುತ್ತಿದ್ದರು ಅನ್ನೋದು ಒಂದು ಸಾಲೂ ಇರಲಿಲ್ಲ. ಪಕ್ಕದ ಬೆಂಚಿನಲ್ಲಿದ್ದ ಹುಡುಗನನ್ನು ಇವರ್ಯಾರಪ್ಪ ಅಂತ ಕೇಳಿದರೆ, ಗೊತ್ತಿಲ್ಲ ಅಂಕಲ್ ಅಂದ. ಅವನ ತಪ್ಪೇನಿದೆ ಹೇಳಿ?

ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದವರು ಇವರು. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯ ಇದೇ ಕಂಪನಿಯ ನಟರು, ರಾಜ್‌ಕುಮಾರ್ ಬೆಳೆದಿದ್ದೂ ಇಲ್ಲೇ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇಲ್ಲಿಂದ ಬಂದವರು, ಮುಂದೆ ದೊಡ್ಡ ರಂಗನಿರ್ದೇಶಕರಾದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಬಂದು ಸೇರಿದ್ದೂ ಇದೇ ಕಂಪನಿಯನ್ನು. ಅಂದಮೇಲೆ ನಮ್ಮ ಸಿನಿಮಾಕ್ಕೂ ಹವ್ಯಾಸಿ ರಂಗಭೂಮಿಗೂ ಇದು ತವರುಮನೆ ಅಲ್ವಾ?

ಗುಬ್ಬಿಯವರು ಮಾತ್ರ ಸಾಕು ಅಂತಲೂ ನಾನು ಹೇಳುತ್ತಿಲ್ಲ. 1914ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಸ್ತ್ರೀ ಪಾತ್ರ ಮಾಡಿ, ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರು ಅಲ್ಲಿರಬೇಕು. ಹೆಂಗಸರೇ ಇರುವ ನಾಟಕ ಮಂಡಳಿಯನ್ನು 1958ರಲ್ಲಿ ಮೈಸೂರಲ್ಲಿ ಕಟ್ಟಿ, ಕಂಸ, ದುರ್ಯೋಧನನ ಪಾತ್ರವನ್ನು ತಾವೇ ಮಾಡಿದ ಆರ್. ನಾಗರತ್ನಮ್ಮ ಇರಬೇಕು. ಲಂಚದ ಬಗ್ಗೆ ರಂಗದ ಮೇಲೆ ನಿಂತು ಹೆದರದೆ ಮಾತಾಡಿದ ಮಾಸ್ಟರ್ ಹಿರಣ್ಣಯ್ಯನವರಂತೂ ಇರಲೇಬೇಕು.

ಪ್ರತಿಮೆ ಬೇಕೇ ಬೇಕು ಅನ್ನುವುದಾದರೆ ವೀರಣ್ಣನವರನ್ನು ಪೇಟ ತೊಡಿಸಿ ಎತ್ತರದ ಕಂಬದ ಮೇಲೆ ಕೂರಿಸಬೇಡಿ. ಸದಾರಮೆ ನಾಟಕದ ಕಳ್ಳನ ವೇಷದಲ್ಲಿ ನೆಲದ ಮೇಲೇ ನಿಲ್ಲಿಸಿ. ಜನ ಬಿದ್ದು ಬಿದ್ದು ನಕ್ಕಿದ್ದು ಆ ಕಳ್ಳನಿಗೆ. ಮಕ್ಕಳು ಹೋಗಿ ಕೈ ಹಿಡಿಯಲಿ. ನಾಗರತ್ನಮ್ಮನವರ ಕೈಯಲ್ಲಿ ಗದೆ ಇರಲಿ. ನಡುವೆ ಒಂದು ಕಟ್ಟೆ ಕಟ್ಟಿಸಿ, ಮೇಲೊಂದು ಮಾಡು, ಎರಡು ದೀಪ, ಅಷ್ಟು ಸಾಕು. ಬಾಡಿಗೆ ಕೇಳದೆ ನಾಟಕ ಆಡಲು ಬಿಡಿ. ಬೀಗ ಮಾತ್ರ ಬೇಡ.

ಆದರೆ ಕಲ್ಲಿಗಿಂತ ಮೊದಲು ಹೆಸರು ಬೇಕು. ಅದಕ್ಕೇ ಇಷ್ಟು ಅವಸರ ಮಾಡುತ್ತಿದ್ದೇನೆ. ದೊಡ್ಡ ನಟರ ಹೆಸರು ಪುಸ್ತಕದಲ್ಲಿ ಸಿಗುತ್ತದೆ. ಸೀನರಿ ಬರೆದವರು, ಸೈಡ್‌ವಿಂಗಿನಲ್ಲಿ ನಿಂತು ಮಾತು ಹೇಳಿಕೊಟ್ಟವರು ಯಾರು ಅನ್ನೋದು ಈಗ ಎಂಬತ್ತು ದಾಟಿದ ಕೆಲವರ ನೆನಪಿನಲ್ಲಿ ಮಾತ್ರ ಇದೆ. ನಮ್ಮ ಬೀದಿಯಲ್ಲೇ ಒಬ್ಬ ಹಾರ್ಮೋನಿಯಂ ಮೇಷ್ಟ್ರಿದ್ದಾರೆ, ಬೇರೆ ಬೇರೆ ಕಂಪನಿಗಳಲ್ಲಿ ನುಡಿಸಿದವರು. ಈಗ ಬೆರಳು ನಡುಗುತ್ತವೆ. ಹಳೇ ನಾಟಕದ ಮಾತು ತೆಗೆದರೆ ಸಾಕು, ಮೊಣಕಾಲ ಮೇಲೇ ಬೆರಳಾಡಿಸುತ್ತಾ ಯಾವ ಊರಿನ ಕ್ಯಾಂಪಿನಲ್ಲಿ ಯಾರು ಯಾವ ಪಾತ್ರ ಮಾಡಿದರು ಅಂತ ಒಂದೊಂದೇ ಹೆಸರು ಹೇಳುತ್ತಾ ಹೋಗುತ್ತಾರೆ. ಒಂದು ಸಂಜೆ ಕೂತು ಬರೆದುಕೊಂಡೆ, ನಲವತ್ತಮೂರು ಹೆಸರಾಯಿತು. ಆಮೇಲೆ ಅವರಿಗೆ ಸುಸ್ತಾಯಿತು, ನಾಳೆ ಬಾ ಅಂದರು.

ಪಾರ್ಕಿಗೆ ಜಾಗ, ದುಡ್ಡು ಅಂತ ತಡವಾಗಬಹುದು, ಗೊತ್ತು. ಹೆಸರು ಬರೆದುಕೊಳ್ಳುವುದಕ್ಕೆ ಟೆಂಡರ್ ಬೇಡ. ನಿಮ್ಮ ಇಲಾಖೆಯಿಂದ ಜಿಲ್ಲೆಗೊಬ್ಬರನ್ನು ಈ ತಿಂಗಳೇ ಕಳಿಸಿ. ನನ್ನ ಹತ್ತಿರ ಇರುವ ನಲವತ್ತಮೂರು ಹೆಸರನ್ನು ನಾನೇ ತಂದುಕೊಡುತ್ತೇನೆ.

ಇಂತಿ,
ಕಂಪನಿ ನಾಟಕ ನೋಡಿ ಬೆಳೆದ ಒಬ್ಬ ಪ್ರೇಕ್ಷಕ