ಹೆರಿಗೆ ಕೊಠಡಿಯಲ್ಲೇ ಇರಲಿ ತರಬೇತಿಯ ಗೊಂಬೆ

ಮಾನ್ಯ ಸಂಪಾದಕರೇ,

ಹುಟ್ಟಿದ ಕೂಡಲೇ ಉಸಿರಾಡದ ಮಗುವನ್ನು ಉಳಿಸಿಕೊಳ್ಳುವ ತರಬೇತಿ ನಮ್ಮಲ್ಲಿ ಇಲ್ಲವೆಂದಲ್ಲ. ಇದನ್ನು ಕಲಿಸುವ ಕೇಂದ್ರ ಸರ್ಕಾರದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ 2009ರಲ್ಲೇ ಶುರುವಾಗಿದೆ. ಎರಡು ದಿನ ಕಲಿತ ಸ್ಟಾಫ್ ನರ್ಸ್‌ಗೆ ಅದೇ ವಾರ ಮಗುವಿನಾಕಾರದ ತರಬೇತಿ ಗೊಂಬೆಯ ಮೇಲೆ ಪರೀಕ್ಷೆ ಇಟ್ಟರೆ ಎಲ್ಲವನ್ನೂ ಸರಿಯಾಗಿ ಮಾಡಿ ತೋರಿಸುತ್ತಾರೆ. ಆರು ತಿಂಗಳು ಬಿಟ್ಟು ಅದೇ ಗೊಂಬೆಯನ್ನು ಮುಂದಿಟ್ಟರೆ ಬಾಯಿಗೆ ಪಾಠ ನೆನಪಿರುತ್ತದೆ, ಕೈ ತಡವರಿಸುತ್ತದೆ. ಇದು ಅಸಡ್ಡೆಯಲ್ಲ, ಲೆಕ್ಕದ ಮಾತು. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಏನಾದರೊಂದು ನೆರವು ಬೇಕು. ಹಲವು ಮೈ ಒರೆಸಿ ಬೆನ್ನು ಉಜ್ಜಿದರೆ ಅಳುತ್ತವೆ. ಮುಖಕ್ಕೆ ಮಾಸ್ಕ್ ಇಟ್ಟು ಕೈಯಿಂದ ಒತ್ತಿ ಗಾಳಿ ಕೊಡುವ ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಡಬೇಕಾಗುವುದು ಸುಮಾರು ಐದಕ್ಕೆ. ತಿಂಗಳಿಗೆ ಮೂವತ್ತು ಹೆರಿಗೆಯಾಗುವ ಆಸ್ಪತ್ರೆಯಲ್ಲಿ ಅಂಥ ಮಗು ಒಂದೋ ಎರಡೋ. ಅದನ್ನು ಮೂರು ಪಾಳಿಯ ಆರೇಳು ನರ್ಸ್‌ಗಳಿಗೆ ಹಂಚಿ ನೋಡಿ: ಒಬ್ಬೊಬ್ಬರಿಗೆ ವರ್ಷಕ್ಕೆ ಎರಡು ಮೂರು ಸಲ. ವರ್ಷಕ್ಕೆ ಮೂರು ಸಲ ಸ್ಟಿಯರಿಂಗ್ ಹಿಡಿಯುವವರಿಗೆ ಸಂಜೆ ಹೊತ್ತು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿಸಿ ಎನ್ನಲು ಯಾರಿಗೂ ಧೈರ್ಯ ಬರುವುದಿಲ್ಲ.

ಕೈಯಲ್ಲಿರುವುದು ಒಂದೇ ನಿಮಿಷ. ಬೆಚ್ಚಗಿನ ಒಣ ಬಟ್ಟೆಯಲ್ಲಿ ಮಗುವನ್ನು ಒರೆಸಿ, ಒದ್ದೆ ಬಟ್ಟೆ ಎಳೆದುಹಾಕಿ, ಹೆಗಲ ಕೆಳಗೆ ಎರಡು ಮೂರು ಸೆಂಟಿಮೀಟರ್ ದಪ್ಪದ ಮಡಿಕೆ ಇಟ್ಟು ಕತ್ತನ್ನು ತುಸುವೇ ಹಿಂದಕ್ಕೆ ವಾಲಿಸಬೇಕು. ಹೆಚ್ಚು ವಾಲಿಸಿದರೂ, ಗಲ್ಲ ಎದೆಗೆ ತಾಗಿದರೂ ಉಸಿರಿನ ದಾರಿ ಮುಚ್ಚುತ್ತದೆ. ಬಾಯಲ್ಲಿ ಏನಾದರೂ ಅಡ್ಡವಿದ್ದರೆ ಮಾತ್ರ ಸಕ್ಷನ್, ಅಂದರೆ ನಳಿಕೆಯಿಂದ ಹೀರಿ ತೆಗೆಯುವುದು. ಮೊದಲು ಬಾಯಿ, ಆಮೇಲೆ ಮೂಗು. ನಳಿಕೆಯನ್ನು ಗಂಟಲಾಳಕ್ಕೆ ತೂರಿಸಿದರೆ ಎದೆಬಡಿತವೇ ಕುಗ್ಗುತ್ತದೆ. ತಲೆಕೆಳಗೆ ಹಿಡಿದು ತಟ್ಟುವುದು, ತಣ್ಣೀರು ಚಿಮುಕಿಸುವುದು ಇವೆಲ್ಲ ಆ ನಿಮಿಷವನ್ನು ತಿನ್ನುವ ಕೆಲಸಗಳು. ಒರೆಸಿ ಉಜ್ಜಿದರೂ ಉಸಿರು ಬರದಿದ್ದರೆ ನಿಮಿಷ ತುಂಬುವುದರೊಳಗೆ ಬ್ಯಾಗ್ ಒತ್ತಲು ಶುರುಮಾಡಬೇಕು. ತಾಂಜಾನಿಯಾದ ಹೈಡೋಮ್ ಆಸ್ಪತ್ರೆಯಲ್ಲಿ ನಡೆದ ಅಧ್ಯಯನದ ಪ್ರಕಾರ, ಇದು 30 ಸೆಕೆಂಡ್ ತಡವಾದಂತೆಲ್ಲ ಮಗು ಸಾಯುವ ಇಲ್ಲವೇ ಹೆಚ್ಚು ದಿನ ಆಸ್ಪತ್ರೆಯಲ್ಲಿ ಉಳಿಯುವ ಅಪಾಯ ಶೇ 16ರಷ್ಟು ಏರುತ್ತದೆ.

ಅತಿ ಹೆಚ್ಚು ತಪ್ಪಾಗುವುದು ಮಾಸ್ಕ್ ಹಿಡಿಯುವುದರಲ್ಲಿ. ದಿನ ತುಂಬಿದ ಮಗುವಿಗೆ 1ನೇ ಅಳತೆ, ದಿನ ತುಂಬದ್ದಕ್ಕೆ 0. ಅದು ಗಲ್ಲದ ತುದಿ, ಬಾಯಿ, ಮೂಗು ಮುಚ್ಚಬೇಕು, ಕಣ್ಣಿಗೆ ತಾಗಬಾರದು. ಗಾಬರಿಯಲ್ಲಿ ಮಾಸ್ಕನ್ನು ಮುಖಕ್ಕೆ ಅದುಮುತ್ತೇವೆ, ತಲೆ ಮುಂದಕ್ಕೆ ಬಾಗುತ್ತದೆ, ಗಾಳಿ ಪಕ್ಕದಿಂದ ಸೋರಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲಿರಲಿ, ಉಳಿದ ಬೆರಳುಗಳು ದವಡೆಯನ್ನು ಮಾಸ್ಕಿನತ್ತ ಎತ್ತಿಕೊಡಲಿ. 'ಉಸಿರು-ಎರಡು-ಮೂರು' ಎಂದು ಬಾಯಿಬಿಟ್ಟು ಎಣಿಸುತ್ತ, 'ಉಸಿರು' ಎಂದಾಗ ಮಾತ್ರ ಒತ್ತಿದರೆ ನಿಮಿಷಕ್ಕೆ 40ರಿಂದ 60ರ ಲಯ ತಾನೇ ಬರುತ್ತದೆ. ಕಣ್ಣು ಎದೆಯ ಮೇಲಿರಬೇಕು. ಎದೆ ಏಳದಿದ್ದರೆ ಮಾಸ್ಕ್ ಸರಿಪಡಿಸಿ, ಕತ್ತು ಸರಿಪಡಿಸಿ, ಬಾಯಿ ಶುಚಿ ಮಾಡಿ, ಬಾಯಿ ತುಸು ತೆರೆದು ಮತ್ತೆ ಕೊಡಿ. ಆಗಲೂ ಏಳದಿದ್ದರೆ ತುಸು ಜೋರಾಗಿ ಒತ್ತಿ. ಆಕ್ಸಿಜನ್ ಸಿಲಿಂಡರ್ ಹುಡುಕುತ್ತ ನಿಲ್ಲಬೇಕಿಲ್ಲ. ದಿನ ತುಂಬಿದ ಮಗುವಿಗೆ ಕೊಠಡಿಯ ಗಾಳಿಯಲ್ಲೇ ಶುರುಮಾಡಬೇಕು, ಬ್ಯಾಗ್ ತಾನಾಗಿ ಉಬ್ಬಿಕೊಳ್ಳುತ್ತದೆ. ಎದೆ ಅದುಮಲು ಅವಸರಪಡುವವರೂ ಇದ್ದಾರೆ. ಈ ಮಕ್ಕಳ ಹೃದಯ ಸೋತಿರುವುದು ಸಾಮಾನ್ಯವಾಗಿ ಉಸಿರಿಲ್ಲದೆ. ಎದೆ ಚೆನ್ನಾಗಿ ಏಳುವಂತೆ 30 ಸೆಕೆಂಡ್ ಗಾಳಿ ಕೊಟ್ಟ ಮೇಲೂ ಎದೆಬಡಿತ ನಿಮಿಷಕ್ಕೆ 60ಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದುಮಬೇಕು, ಮೂರು ಸಲ ಅದುಮಿದರೆ ಒಂದು ಉಸಿರು. ಸ್ಟೆತಾಸ್ಕೋಪಿನಲ್ಲಿ ಆರು ಸೆಕೆಂಡ್ ಎಣಿಸಿ ಹತ್ತರಿಂದ ಗುಣಿಸಿದರೆ ಬಡಿತದ ಲೆಕ್ಕ ಸಿಗುತ್ತದೆ.

ಉಪಕರಣವೂ ಕೈಕೊಡುತ್ತದೆ. ತೊಳೆದ ಬ್ಯಾಗನ್ನು ಮತ್ತೆ ಜೋಡಿಸುವಾಗ ಒಳಗಿನ ಚಿಕ್ಕ ರಬ್ಬರ್ ಕವಾಟ ಬಿಟ್ಟುಹೋಗಿರುತ್ತದೆ, ಇಲ್ಲವೇ ಟ್ರೇನಲ್ಲಿ ದೊಡ್ಡವರ ಬ್ಯಾಗ್ ಇರುತ್ತದೆ. ಪ್ರತಿ ಪಾಳಿಯ ಆರಂಭದಲ್ಲಿ ಬ್ಯಾಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಒತ್ತಿ ನೋಡಲಿ: ಅಂಗೈಗೆ ಒತ್ತಡ ತಾಗಬೇಕು, ಹೆಚ್ಚುವರಿ ಗಾಳಿ ಕವಾಟದಿಂದ ಹೊರಹೋಗಬೇಕು, ಕೈಬಿಟ್ಟರೆ ಬ್ಯಾಗ್ ತಕ್ಷಣ ಉಬ್ಬಬೇಕು. ಹತ್ತು ಸೆಕೆಂಡಿನ ಕೆಲಸ.

ಅದೇ ಹೈಡೋಮ್ ಆಸ್ಪತ್ರೆಯಲ್ಲಿ ಒಂದು ದಿನದ ತರಬೇತಿಯ ನಂತರ ಸಿಬ್ಬಂದಿ ಗೊಂಬೆಯ ಮೇಲೆ ಚೆನ್ನಾಗಿ ಮಾಡಿದರು, ಹೆರಿಗೆ ಕೊಠಡಿಯಲ್ಲಿ ಏನೂ ಬದಲಾಗಲಿಲ್ಲ. ಅಲ್ಲೇ ಚಿಕ್ಕ ಚಿಕ್ಕ ಅಭ್ಯಾಸ ಮತ್ತೆ ಮತ್ತೆ ನಡೆಸತೊಡಗಿದ ಮೇಲೆ ಮೊದಲ 24 ಗಂಟೆಯ ಸಾವು ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ನಮ್ಮದೇ ಬೆಳಗಾವಿ ಸೀಮೆಯಲ್ಲಿ ಹೆರಿಗೆ ಮಾಡಿಸುವವರಿಗೆ ತರಬೇತಿ ಕೊಟ್ಟ ಮೇಲೆ, ಸತ್ತೇ ಹುಟ್ಟಿದವೆಂದು ದಾಖಲಾಗುವ ಮಕ್ಕಳು ಶೇ 3.0ರಿಂದ 2.3ಕ್ಕೆ ಇಳಿದವು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಳದೆ, ಅಲುಗಾಡದೆ ಬಂದ ಮಗುವನ್ನು ಸತ್ತಿತೆಂದು ಬದಿಗಿಡುವುದು ತಪ್ಪಿದ್ದೂ ಇದಕ್ಕೆ ಕಾರಣವಿರಬೇಕು ಎಂಬುದು ನಮ್ಮ ಓದು. ಆದರೆ ತಿಂಗಳೊಳಗಿನ ಸಾವು ಅಲ್ಲಿ ತಗ್ಗಲಿಲ್ಲ, ಅದನ್ನೂ ಹೇಳಬೇಕು. ಉಸಿರು ಬಂದ ಮಗುವಿಗೆ ಮುಂದಿನ ಆರೈಕೆಯೂ ಬೇಕು.

ಆದ್ದರಿಂದ ಆರೋಗ್ಯ ಇಲಾಖೆಗೂ ಪಾಲಿಕೆ ಮತ್ತು ಖಾಸಗಿ ಹೆರಿಗೆ ಆಸ್ಪತ್ರೆಗಳಿಗೂ ನಮ್ಮ ಕೋರಿಕೆ ಇಷ್ಟು. ಗೊಂಬೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ, ಮಗುವನ್ನು ಬೆಚ್ಚಗಿಡುವ ವಾರ್ಮರ್ ಪಕ್ಕದಲ್ಲಿಡಿ. ಪ್ರತಿ ಪಾಳಿಯ ನರ್ಸ್‌ಗಳೂ ವಾರಕ್ಕೊಮ್ಮೆ ಡ್ಯೂಟಿ ಬದಲಾಗುವ ಹೊತ್ತಿಗೆ ಹತ್ತು ನಿಮಿಷ ಇಬ್ಬಿಬ್ಬರಾಗಿ ಅಭ್ಯಾಸ ಮಾಡಲಿ, ಒಬ್ಬರು ಮಾಡುವಾಗ ಇನ್ನೊಬ್ಬರು ಮೊಬೈಲಿನಲ್ಲಿ ಸಮಯ ನೋಡಲಿ. ನಿಜವಾಗಿ ಬ್ಯಾಗ್ ಹಿಡಿದಾಗಲೆಲ್ಲ, ಹುಟ್ಟಿದ ಎಷ್ಟನೇ ಸೆಕೆಂಡಿಗೆ ಮೊದಲ ಉಸಿರು ಕೊಟ್ಟಿರಿ, ತಡವಾದರೆ ಏಕೆ ಎಂದು ಒಂದು ಪುಸ್ತಕದಲ್ಲಿ ಬರೆಯಲಿ. ಆ ಪುಸ್ತಕ ಯಾರನ್ನೂ ಶಿಕ್ಷಿಸಲು ಬಳಕೆಯಾಗಬಾರದು, ಹಾಗೆ ಬಳಕೆಯಾದರೆ ಯಾರೂ ನಿಜ ಬರೆಯುವುದಿಲ್ಲ. ಹೆರಿಗೆ ಕೊಠಡಿಯಲ್ಲಿ ಪಳಗಿದ ನರ್ಸ್‌ಗಳನ್ನು ಪದೇ ಪದೇ ಬೇರೆ ವಾರ್ಡಿಗೆ ಹಾಕಬೇಡಿ. ವಾಣಿ ವಿಲಾಸದಂಥ ದೊಡ್ಡ ಆಸ್ಪತ್ರೆಯಿಂದ ದೂರದ ಬಡಾವಣೆಯಲ್ಲಿ, ರಾತ್ರಿ ಎರಡು ಗಂಟೆಗೆ ಮಗು ಹುಟ್ಟಿದಾಗ ಮಕ್ಕಳ ಡಾಕ್ಟರ್ ಬರುವಷ್ಟರಲ್ಲಿ ಆ ನಿಮಿಷ ಮುಗಿದಿರುತ್ತದೆ. ಹಾಗಾಗಿ ರಾತ್ರಿ ಪಾಳಿಯ ಆಯಾಗೂ ವಾರ್ಮರ್ ಹಾಕುವುದು, ಸಮಯ ಕೂಗಿ ಹೇಳುವುದು, ಬ್ಯಾಗ್ ಎತ್ತಿಕೊಡುವುದನ್ನು ಕಲಿಸಿ.

— ನವಜಾತ ಶಿಶು ಆರೈಕೆಯ ತರಬೇತುದಾರರು, ಬೆಂಗಳೂರು