ಮಾರಾಟವಾದ ಮನೆಯೊಳಗೆ ನಾವೂ ಇದ್ದೇವೆ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ನೋಂದಣಿ ಮತ್ತು ಮುದ್ರಾಂಕ ಇಲಾಖೆ ತಮ್ಮ ಕೈಕೆಳಗೇ ಬರುತ್ತದೆ. ಕಾನೂನು ತಮಗೆ ತಿಳಿದದ್ದೇ, ಅದನ್ನು ತಮಗೆ ಪಾಠ ಮಾಡುವ ಉದ್ದೇಶ ಈ ಪತ್ರಕ್ಕಿಲ್ಲ. ಬೇಡಿಕೆ ಒಂದೇ. ಯಾವುದೇ ವಾಸದ ಮನೆಯ ಕ್ರಯಪತ್ರ ನೋಂದಣಿಯಾಗುವ ಮುನ್ನ ಮೂರು ಮಾತು ಬರೆಸಿಕೊಳ್ಳಿ: ಮನೆಯಲ್ಲಿ ಬಾಡಿಗೆದಾರರು ಇದ್ದಾರೆಯೇ, ಅವರು ಕೊಟ್ಟ ಅಡ್ವಾನ್ಸ್ ಎಷ್ಟು, ಅದನ್ನು ಯಾರು, ಯಾವ ದಿನ ವಾಪಸ್ ಕೊಡುತ್ತಾರೆ. ಇಷ್ಟೇ.

ಈಗ ಏನು ಬರೆಯುತ್ತಾರೆ ನೋಡಿ. ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಒಂದು ನಮೂನೆ ಇರುತ್ತದೆ, ಅದರಲ್ಲಿ ಹೆಸರು ಮತ್ತು ಚೆಕ್ಕುಬಂದಿ ಬದಲಾಗುತ್ತವೆ, ಉಳಿದದ್ದು ಹಾಗೇ. ‘ಷೆಡ್ಯೂಲ್ ಸ್ವತ್ತಿನ ಮೇಲೆ ಯಾವುದೇ ಋಣಭಾರ ಇರುವುದಿಲ್ಲ. ಇಂದಿನ ದಿವಸವೇ ಖಾಲಿ ಸ್ವಾಧೀನವನ್ನು ತಮಗೆ ಬಿಟ್ಟುಕೊಟ್ಟಿರುತ್ತೇನೆ.’ ಮಾರುವವರು, ಕೊಳ್ಳುವವರು, ಇಬ್ಬರು ಸಾಕ್ಷಿಗಳು ಸಹಿ ಹಾಕುತ್ತಾರೆ. ಕ್ಯಾಮೆರಾ ಮುಂದೆ ಮುಖ, ಯಂತ್ರದ ಮೇಲೆ ಹೆಬ್ಬೆಟ್ಟು. ಅದೇ ಹೊತ್ತಿಗೆ ಆ ‘ಖಾಲಿ’ ಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆಯುತ್ತಿರುತ್ತದೆ, ತಾರಸಿಯ ಮೇಲೆ ಮಕ್ಕಳ ಯೂನಿಫಾರ್ಮ್ ಒಣಗುತ್ತಿರುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಯಾರದೋ ಸೈಟು, ಉತ್ತರ ದಕ್ಷಿಣಗಳಿಗೆ ಇನ್ಯಾರದೋ ಗೋಡೆ. ನಾಲ್ಕೂ ದಿಕ್ಕಿನ ಲೆಕ್ಕ ಸರಿಯಾಗಿದೆ, ನಡುವೆ ಇರುವವರ ಲೆಕ್ಕ ಮಾತ್ರ ಇಲ್ಲ.

ಎಲ್ಲರಿಗೂ ಗೊತ್ತಿರುವ ಸುಳ್ಳೊಂದನ್ನು ಸರ್ಕಾರಿ ಮೊಹರು ಒತ್ತಿ ನೋಂದಾಯಿಸುತ್ತಿದ್ದೇವೆ, ಸ್ವಾಮಿ.

ಅಡ್ವಾನ್ಸ್ ಸಿಕ್ಕಿಕೊಳ್ಳುವುದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಇದೆ. ₹25,000 ಬಾಡಿಗೆಯ ಮನೆಗೆ ₹2,50,000. ಮಾಲೀಕರು ಆ ದುಡ್ಡನ್ನು ಬ್ಯಾಂಕಿನಲ್ಲಿ ಎತ್ತಿಡುವುದಿಲ್ಲ. ಅದು ಎಂದೋ ಮಗಳ ಮದುವೆಗೋ ಇನ್ನೊಂದು ಸೈಟಿಗೋ ಹೋಗಿರುತ್ತದೆ. ಮನೆ ಮಾರಾಟಕ್ಕೆ ಬಂದಾಗ ಅವರ ಕೈಗೆ ದುಡ್ಡು ಬರುವುದು ನೋಂದಣಿಯ ದಿನ, ಕೊಳ್ಳುವವರ ಬ್ಯಾಂಕ್ ಡಿಡಿ ಕೊಟ್ಟ ಮೇಲೆ. ಆದರೆ ಕೊಳ್ಳುವವರಿಗೆ ನೋಂದಣಿಗೆ ಮುಂಚೆಯೇ ಮನೆ ಖಾಲಿಯಾಗಬೇಕು. ಅಂದರೆ ಬಾಡಿಗೆದಾರ ಮೊದಲು ಹೊರಡಬೇಕು, ದುಡ್ಡು ಆಮೇಲೆ ಬರಬೇಕು. ಹೊರಡಬೇಕಾದರೆ ಹೊಸ ಮನೆಗೆ ಮತ್ತೆ ₹2,50,000 ಎಣಿಸಬೇಕು. ಅಲ್ಲಿಗೆ ಒಂದೇ ಸಂಸಾರದ ₹5 ಲಕ್ಷ ಎರಡು ಮಾಲೀಕರ ಬಳಿ. ಜತೆಗೆ ಬ್ರೋಕರ್ ಕಮಿಷನ್ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಲಾರಿಯ ಖರ್ಚು ಬೇರೆ.

ಈ ಗಂಟು ಬಿಚ್ಚುವುದು ಕಷ್ಟವೇ? ಮಾರುವವರ ಹೆಸರಿನಲ್ಲಿ ಗೃಹಸಾಲ ಬಾಕಿಯಿದ್ದರೆ ಏನು ಮಾಡುತ್ತಾರೆ? ಕೊಳ್ಳುವವರ ಬ್ಯಾಂಕು ಸಾಲದ ಬಾಕಿಯಷ್ಟಕ್ಕೆ ಬೇರೆ ಡಿಡಿ ತೆಗೆದು ನೇರವಾಗಿ ಹಳೆಯ ಬ್ಯಾಂಕಿಗೇ ಕಟ್ಟುತ್ತದೆ. ಮಾರುವವರ ಕೈಗೆ ಅದು ಬರುವುದೇ ಇಲ್ಲ. ₹50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಸ್ವತ್ತಾದರೆ ಶೇ. 1ರಷ್ಟು ಟಿಡಿಎಸ್ಸನ್ನು, ಅಂದರೆ ಮೂಲದಲ್ಲೇ ಮುರಿಯುವ ತೆರಿಗೆಯನ್ನು, ಕೊಳ್ಳುವವರೇ ಹಿಡಿದು ಕಟ್ಟುತ್ತಾರೆ. ಬ್ಯಾಂಕಿನ ಬಾಕಿಯನ್ನೂ ಸರ್ಕಾರದ ಪಾಲನ್ನೂ ಮೊದಲೇ ಬೇರೆ ಮಾಡುವ ವ್ಯವಸ್ಥೆ ಇದೆ. ಬಾಡಿಗೆದಾರನ ಹೆಸರಿನಲ್ಲೂ ಒಂದು ಡಿಡಿ ತೆಗೆದು, ಕೀಲಿಕೈ ಕೊಡುವಾಗ ಅವನ ಕೈಗಿಡಲು ಏನು ಅಡ್ಡಿ? ಕ್ರಯಪತ್ರದಲ್ಲಿ ಅವನು ಇಲ್ಲವೇ ಇಲ್ಲ ಎಂಬುದೊಂದೇ ಅಡ್ಡಿ. ಅದಕ್ಕೇ ಆ ಮೂರು ಮಾತು ಬರೆಸಿ ಎನ್ನುತ್ತಿರುವುದು.

ಒಂದು ಪ್ರಕರಣ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಹೆಸರು, ಬಡಾವಣೆ ಬೇಡ. ಹಳೆಯ ಎರಡು ಅಂತಸ್ತಿನ ಮನೆ, ಕೊಂಡವರು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರು. ಇದು ಬೀದಿಗೆಲ್ಲ ಗೊತ್ತಿತ್ತು. ಬಾಡಿಗೆದಾರರು ಖಾಲಿ ಮಾಡಿದ ದಿನ ಮಾಲೀಕರು ಕೋಣೆ ಕೋಣೆ ಸುತ್ತಿ, ಗೋಡೆಯ ಮೊಳೆ ತೂತುಗಳಿಗೆ ಬಾಲ್ ಪೆನ್ನಿನಲ್ಲಿ ಸುತ್ತು ಹಾಕುತ್ತಾ ಎಣಿಸಿದರು. ಹದಿನಾಲ್ಕು. ಕರಾರಿನಲ್ಲಿ ಇದೆಯಲ್ಲ ಎಂದು ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಬಚ್ಚಲುಮನೆಯ ನಲ್ಲಿಗೆ ಉಪ್ಪು ಕಟ್ಟಿದ್ದಕ್ಕೆ ಬೇರೆ, ಎರಡು ಸ್ವಿಚ್‌ಬೋರ್ಡಿಗೆ ಬೇರೆ. ಕೆಡವುವ ಮನೆಗೆ ಬಣ್ಣ ಯಾಕೆ ಸಾರ್ ಎಂದು ಕೇಳಿದರೆ, ‘ರೂಲ್ಸ್ ಅಂದ್ರೆ ರೂಲ್ಸು’ ಎಂಬ ಉತ್ತರ. ಎರಡನೇ ವಾರಕ್ಕೆ ಜೆಸಿಬಿ ಬಂತು. ಪೆನ್ನಿನ ಸುತ್ತುಗಳಿದ್ದ ಗೋಡೆಯೇ ಮೊದಲು ಬಿತ್ತು.

ನಕ್ಕುಬಿಡಬಹುದಿತ್ತು. ಆದರೆ ಆ ದುಡ್ಡು ಯಾವ ಕಚೇರಿಯಲ್ಲಿ ಕೇಳಬೇಕು ಎಂದರೆ ಉತ್ತರವಿಲ್ಲ. ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತಾರೆ. ₹30,000ಕ್ಕೆ ಸಿವಿಲ್ ದಾವೆ ಹೂಡುವವರು ಯಾರು? ಮಾಲೀಕರಿಗೂ ಅದು ಚೆನ್ನಾಗಿ ಗೊತ್ತು.

ಕಾನೂನು ಬಾಡಿಗೆದಾರನನ್ನು ಪೂರ್ತಿ ಕೈಬಿಟ್ಟಿದೆ ಎಂದು ಹೇಳಿದರೆ ತಪ್ಪಾಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇಂದಿಗೂ ನಮ್ಮ ಕಡೆ ಒಂದಿಷ್ಟು ನಿಂತಿದೆ. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಮುರಿದು ಬೀಳುವುದಿಲ್ಲ. 109ನೇ ಕಲಮಿನಂತೆ ಹೊಸ ಮಾಲೀಕ ಹಳಬನ ಜಾಗದಲ್ಲಿ ಬಂದು ನಿಲ್ಲುತ್ತಾನೆ, ಬಾಡಿಗೆದಾರ ಬಯಸಿದರೆ ಹಳಬನ ಹೊಣೆಗಳೂ ಅವನ ತಲೆಗೇ ಬರುತ್ತವೆ. ಬಾಡಿಗೆದಾರ ಹಾಗೆ ಆರಿಸಿಕೊಳ್ಳದಿದ್ದರೆ, ಮಾರಿದ ಮಾತ್ರಕ್ಕೆ ಹಳಬನ ಹೊಣೆ ಕಳಚುವುದಿಲ್ಲ. ಮಾರಾಟದ ಸುದ್ದಿ ತಿಳಿಯದೆ ಹಳಬನಿಗೇ ಬಾಡಿಗೆ ಕೊಟ್ಟಿದ್ದರೆ ಹೊಸಬ ಅದೇ ಬಾಡಿಗೆಯನ್ನು ಇನ್ನೊಮ್ಮೆ ಕೇಳುವಂತಿಲ್ಲ. ಮಾರಾಟಕ್ಕೆ ಹಿಂದಿನ ಬಾಕಿಯೂ ಹೊಸಬನದಲ್ಲ. ಎಲ್ಲ ಸರಿ. ಆದರೆ ಇಡೀ ಕಲಮಿನಲ್ಲಿ ಠೇವಣಿ ಎಂಬ ಒಂದು ಪದವಿಲ್ಲ. 1882ರಲ್ಲಿ ಹತ್ತು ತಿಂಗಳ ಅಡ್ವಾನ್ಸನ್ನು ಯಾರು ಕಂಡಿದ್ದರು? ಹಾಗಾಗಿ ಹಳಬ ‘ಅವರನ್ನೇ ಕೇಳಿ, ಎಲ್ಲ ಸೇರಿಸಿಯೇ ಕೊಟ್ಟಿದ್ದೀನಿ’ ಎನ್ನುತ್ತಾನೆ, ಹೊಸಬ ‘ನನ್ನ ಪತ್ರದಲ್ಲಿ ಅಂಥದ್ದೇನೂ ಇಲ್ಲ’ ಎನ್ನುತ್ತಾನೆ. ಹೊಸಬನ ಮಾತು ನಿಜ, ಪತ್ರದಲ್ಲಿ ಇರುವುದಿಲ್ಲ. ಇರುವಂತೆ ಮಾಡಿ ಎಂಬುದೇ ತಮ್ಮಲ್ಲಿ ಪ್ರಾರ್ಥನೆ.

ಹನ್ನೊಂದು ತಿಂಗಳ ಕರಾರಿನ ಮಹಿಮೆಯೂ ತಮಗೆ ತಿಳಿದದ್ದೇ. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿಯಾಗಬೇಕು ಎನ್ನುತ್ತದೆ ಅದೇ ಕಾಯ್ದೆಯ 107ನೇ ಕಲಮು. ಅದನ್ನು ತಪ್ಪಿಸಲು ಹನ್ನೊಂದು. ಆ ಹನ್ನೊಂದೂ ಮುಗಿದು, ಕರಾರು ನವೀಕರಿಸದೆ ಬಾಡಿಗೆ ಮಾತ್ರ ಕೊಡುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 106ನೇ ಕಲಮಿನಡಿ ಹದಿನೈದು ದಿನದ ಲಿಖಿತ ನೋಟಿಸು ಸಾಕು. ಎಂಟು ವರ್ಷ ಇದ್ದ ಮನೆಯಾದರೂ ಹದಿನೈದೇ ದಿನ. ನೋಂದಣಿಯಿಲ್ಲದೆ ಮೂರು ವರ್ಷದ ಕರಾರು ಬರೆಸಿಕೊಂಡು ನೆಮ್ಮದಿಯಾಗಿರುವವರೂ ಇದ್ದಾರೆ. ಮನೆ ಮಾರಿದ ದಿನ ಆ ಮೂರು ವರ್ಷ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಹೋಗಲಿ, ಬಾಡಿಗೆದಾರರನ್ನು ಕಾಯಲೆಂದೇ ರಾಜ್ಯದ ಕಾಯ್ದೆ ಇದೆಯಲ್ಲ ಎನ್ನಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ದೊಡ್ಡ ನಗರಗಳಲ್ಲಿ ತಿಂಗಳಿಗೆ ₹3,500, ಉಳಿದೆಡೆ ₹2,000 ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ₹3,500ಕ್ಕೆ ಬೆಂಗಳೂರಿನಲ್ಲಿ ಸಂಸಾರ ಹೂಡುವ ಮನೆ ಎಲ್ಲಿದೆ ಎಂದು ತಾವೇ ತೋರಿಸಿಕೊಟ್ಟರೆ ಅರ್ಧ ರಾಜಧಾನಿ ತಮ್ಮ ಹಿಂದೆ ಬರುತ್ತದೆ. ಹಾಗಾಗಿ ಖಾಲಿ ಮಾಡಿಸಲು ನೀರಿನ ಮೋಟಾರ್ ನಿಲ್ಲಿಸಿದರೂ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತರೂ ಆ ಕಾಯ್ದೆಯ ಮೊರೆ ಹೋಗುವಂತಿಲ್ಲ. ಠಾಣೆಗೆ ಹೋದರೆ ‘ಸಿವಿಲ್ ಮ್ಯಾಟರ್’ ಎಂದು ವಾಪಸ್ ಕಳಿಸುತ್ತಾರೆ. ಬೀಗ ಒಡೆದು ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಕೇಳಬಹುದು, ಸರಿ. ಆ ಆರು ತಿಂಗಳು ಸಾಮಾನು ಎಲ್ಲಿಡುವುದು?

ಮನೆ ತೋರಿಸುವ ಕಾಟವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಮನೆಯ ಸ್ಥಿತಿ ನೋಡಲು ಸೂಕ್ತ ಹೊತ್ತಿನಲ್ಲಿ ಬರುವ ಹಕ್ಕು ಮಾಲೀಕರಿಗೆ ಇದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬ್ರೋಕರ್ ಆರು ಜನರನ್ನು ಕರೆತಂದು ಮಲಗುವ ಕೋಣೆಯ ಬೀರು ತೆರೆಸುವುದು ಆ ಹಕ್ಕಿನೊಳಗೆ ಬರುವುದಿಲ್ಲ.

ಭೋಗ್ಯಕ್ಕೆ ಇರುವವರ ಪಾಡು ಇದಕ್ಕಿಂತ ಕಷ್ಟ. ಹತ್ತು, ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇರುವವರು ಇವರು. ಹಣ ಕೊಟ್ಟು ಸ್ವಾಧೀನ ಪಡೆಯುವ ಭೋಗ್ಯವೆಂದರೆ ಸ್ವತ್ತು ವರ್ಗಾವಣೆ ಕಾಯ್ದೆಯ ಕಣ್ಣಲ್ಲಿ ಅಡಮಾನ. ₹100 ಅಥವಾ ಅದಕ್ಕಿಂತ ಹೆಚ್ಚಾದರೆ ನೋಂದಣಿ ಆಗಲೇಬೇಕು. ಆದರೆ ಬರೆಸಿಕೊಳ್ಳುವುದು ಛಾಪಾ ಕಾಗದದ ಮೇಲೆ ‘ಲೀಸ್ ಅಗ್ರಿಮೆಂಟ್’ ಎಂದು, ನೋಟರಿ ಮುದ್ರೆಯೊಂದಿಗೆ. ನೋಟರಿ ಮುದ್ರೆ ನೋಂದಣಿಯಲ್ಲ ಎಂದು ಹೇಳುವವರು ಯಾರೂ ಇರುವುದಿಲ್ಲ. ನೋಂದಣಿ ಇಲ್ಲದ್ದು ಇ.ಸಿ.ಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಕಾಣುವುದಿಲ್ಲ. ಕೊಳ್ಳುವವರು ಇ.ಸಿ. ತೆಗೆಸುತ್ತಾರೆ, ಹಾಳೆ ಸ್ವಚ್ಛ. ಮನೆಯಲ್ಲಿ ಯಾರಿದ್ದಾರೆ ಎಂದು ಬಾಗಿಲು ತಟ್ಟಿ ವಿಚಾರಿಸುವುದು ಕೊಳ್ಳುವವರ ಹೊಣೆ ಎಂದು ಅದೇ ಕಾಯ್ದೆಯ 3ನೇ ಕಲಮಿನ ವಿವರಣೆಯೇ ಹೇಳುತ್ತದೆ, ಸ್ವಾಧೀನದಲ್ಲಿ ಇರುವವರ ಹಕ್ಕು ಕೊಳ್ಳುವವರಿಗೆ ಗೊತ್ತಿದೆ ಎಂದೇ ಅದು ಎಣಿಸುತ್ತದೆ. ಆದರೂ ಎಷ್ಟು ಜನ ತಟ್ಟುತ್ತಾರೆ? ಇನ್ನು ಮಾಲೀಕರು ಸಾಲ ಕಟ್ಟದೆ ಮನೆ ಬ್ಯಾಂಕಿನ ಹರಾಜಿಗೆ ಬಂದರೆ, ಅರವತ್ತು ದಿನದ ನೋಟಿಸು ಹೋಗುವುದು ಸಾಲಗಾರನಿಗೆ. ಒಳಗಿರುವವರಿಗೆ ವಿಷಯ ತಿಳಿಯುವುದು ಗೋಡೆಗೆ ಕಾಗದ ಅಂಟಿಸಿದ ದಿನ. ಸಾಲ ವಸೂಲಿ ನ್ಯಾಯಮಂಡಳಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು, ಆದರೆ ಅಲ್ಲಿ ಮೊದಲು ಕೇಳುವುದೇ ನೋಂದಾಯಿತ ಕರಾರು ಎಲ್ಲಿ ಎಂದು.

ತಾವು ಏನಾದರೂ ಮಾಡುವವರೆಗೆ ನಮ್ಮ ಜನ ತಮ್ಮ ಕೈಲಾದದ್ದನ್ನು ಮಾಡಿಕೊಳ್ಳಲಿ. ಅಡ್ವಾನ್ಸನ್ನು ನಗದಾಗಿ ಕೊಡದೆ ಬ್ಯಾಂಕ್ ಮೂಲಕವೇ ಕೊಡಿ, ವಿವರದಲ್ಲಿ ಅಡ್ವಾನ್ಸ್ ಎಂದು ಬರೆಯಿರಿ. ಮನೆ ಮಾರಾಟಕ್ಕಿದೆ ಎಂದು ಕಿವಿಗೆ ಬಿದ್ದ ಕೂಡಲೇ ಮಾಲೀಕರಿಗೆ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್ ಮಾಡಿ: ಇಂಥ ದಿನದಿಂದ ಇದ್ದೇವೆ, ಇಷ್ಟು ಅಡ್ವಾನ್ಸ್ ಇದೆ, ಕೊಳ್ಳುವವರಿಗೆ ತಿಳಿಸಿ. ಕೊಳ್ಳುವವರು ಯಾರೆಂದು ಗೊತ್ತಾದರೆ ಅದರ ಪ್ರತಿ ಅವರಿಗೂ ಹೋಗಲಿ, ಆಮೇಲೆ ‘ಗೊತ್ತಿರಲಿಲ್ಲ’ ಎನ್ನಲು ಆಗುವುದಿಲ್ಲ. ಹೊಸಬರು ಬಂದು ಬಾಡಿಗೆ ಕೇಳಿದರೆ ಹಳಬರ ಸಹಿಯಿರುವ ಪತ್ರ ಕೇಳಿ: ಮಾರಿದ ದಿನಾಂಕ, ಯಾವ ತಿಂಗಳಿಂದ ಯಾರ ಖಾತೆಗೆ ಬಾಡಿಗೆ, ಅಡ್ವಾನ್ಸ್ ಈಗ ಯಾರ ಬಳಿ. ಪತ್ರ ಕೊಡಲು ಸತಾಯಿಸಿದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರದ ದೃಢೀಕೃತ ನಕಲು ತೆಗೆಸಿ. ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಶುಲ್ಕ ಕಟ್ಟಿದ ಯಾರಿಗಾದರೂ ಅದು ಸಿಗಬೇಕು. ಕೀಲಿಕೈ ಕೊಡುವ ಮುನ್ನ ಖಾಲಿ ಕೋಣೆಗಳ ವಿಡಿಯೋ, ಮೀಟರ್ ರೀಡಿಂಗಿನ ಫೋಟೋ ಇರಲಿ. ಮತ್ತು ಅಡ್ವಾನ್ಸಿನಲ್ಲೇ ಕೊನೆಯ ತಿಂಗಳುಗಳನ್ನು ಕಳೆಯುತ್ತಾ ಬರಲು ಮಾಲೀಕರು ಬರವಣಿಗೆಯಲ್ಲಿ ಒಪ್ಪಿದರೆ, ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಇಷ್ಟೆಲ್ಲ ಒಬ್ಬೊಬ್ಬರೇ ಒದ್ದಾಡಬೇಕಾದದ್ದು ತಮ್ಮ ಇಲಾಖೆಯ ಒಂದು ಹಾಳೆಯಿಂದ ತಪ್ಪುತ್ತದೆ. ‘ನೋಂದಣಿ ಕಚೇರಿ ಬಾಡಿಗೆ ವಿವಾದ ನೋಡುವುದಿಲ್ಲ’ ಎಂದು ಅಧಿಕಾರಿಗಳು ತಮಗೆ ಟಿಪ್ಪಣಿ ಇಡುತ್ತಾರೆ. ವಿವಾದ ನೋಡಿ ಎಂದು ನಾವು ಕೇಳಿಲ್ಲ, ಬರೆಸಿಕೊಳ್ಳಿ ಎಂದಷ್ಟೇ ಕೇಳುತ್ತಿದ್ದೇವೆ. ಇ-ಖಾತಾ ಇಲ್ಲದಿದ್ದರೆ ನೋಂದಣಿ ಇಲ್ಲ ಎಂದು ನಿಯಮ ಮಾಡಲು ಆಗುತ್ತದೆ ಎಂದಾದರೆ, ನೋಂದಣಿಯ ಕಾವೇರಿ 2.0 ತಂತ್ರಾಂಶದಲ್ಲಿ ಮೂರು ಅಂಕಣ ಹೆಚ್ಚಿಗೆ ಸೇರಿಸಲು ಆಗುವುದಿಲ್ಲವೇ?

2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯೂ ತಮ್ಮ ಮೇಜಿನ ಮೇಲೆ ಎಲ್ಲೋ ಇರಬೇಕು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಇಲ್ಲ, ಖಾಲಿ ಮನೆ ಕೈಗೆ ಬಂದ ದಿನವೇ ಅದು ವಾಪಸ್, ಮನೆಯೊಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು ಎನ್ನುತ್ತದೆ ಅದು. ನೆರೆಯ ತಮಿಳುನಾಡು ತನ್ನದೇ ಕಾಯ್ದೆ ಮಾಡಿ ಠೇವಣಿಗೆ ಮೂರು ತಿಂಗಳ ಮಿತಿ ಹಾಕಿದೆ. ನಮ್ಮಲ್ಲಿ ಅದು ಯಾವಾಗಲಾದರೂ ಆಗಲಿ. ಅಷ್ಟರೊಳಗೆ ಆ ಮೂರು ಮಾತು ಬರೆಸಿಕೊಳ್ಳಿ. ಬಾಡಿಗೆದಾರರು ಇದ್ದಾರೆಯೇ. ಅಡ್ವಾನ್ಸ್ ಎಷ್ಟು. ಯಾರು, ಯಾವ ದಿನ ಕೊಡುತ್ತಾರೆ. ಸುಳ್ಳು ಬರೆದರೆ ಏನು ಶಿಕ್ಷೆ ಎಂಬುದನ್ನು ಅದರ ಕೆಳಗೇ ಅಚ್ಚು ಹಾಕಿಸಿ.

ಉತ್ತರ ಬರೆಯುವುದಾದರೆ ಬೇಗ ಬರೆಯಿರಿ. ವಿಳಾಸ ಸದ್ಯಕ್ಕೆ ಇದೇ, ಮುಂದಿನ ತಿಂಗಳದ್ದು ಹೇಳಲಾರೆ.

ಇಂತಿ ತಮ್ಮ ವಿಶ್ವಾಸಿ,
ಬಾಡಿಗೆ ಮನೆಯ ನಿವಾಸಿ